ಹಳೇ ಕಾರು, ಏಳದ ಮುಳ್ಳು

ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ನನ್ನ ಕಾರನ್ನು ಕಂಡರೆ ಎಲ್ಲರಿಗೂ ಕನಿಕರ. "ಇನ್ನೂ ಇದೇನಾ ಸಾರ್?" ಅಂತ ಕೇಳುತ್ತಾರೆ. ಹೌದು, ಇನ್ನೂ ಇದೇ! 2008ರಲ್ಲಿ ಸಾಲ ಮಾಡಿ ಕೊಂಡದ್ದು (ಬ್ಯಾಂಕಿನವನಿಗೂ ಸಾಲವೇ ಗತಿ ನೋಡಿ). 2023ರಲ್ಲಿ ಅದಕ್ಕೆ ಹದಿನೈದು ತುಂಬಿತು. ಅಷ್ಟರಲ್ಲಿ ನೋಂದಣಿ ನವೀಕರಣದ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿಯಾಗಿತ್ತು. ಅದರ ಮೇಲೆ ಹಸಿರು ತೆರಿಗೆ ಬೇರೆ. ಎಲ್ಲ ಕಟ್ಟಿ, ಕಲ್ಯಾಣದ ಆರ್‌ಟಿಓದಿಂದ ಇನ್ನೈದು ವರ್ಷದ ಆಯುಷ್ಯ ಬರೆಸಿಕೊಂಡು ಬಂದೆ.

ಆದರೆ ಆಯುಷ್ಯ ಬರೆಸಿಕೊಂಡರೆ ಸಾಕೇ? ಆರೋಗ್ಯ ನೋಡಬೇಡವೇ?

ಆ ವರ್ಷದ ಮಳೆಗಾಲದಲ್ಲಿ ಕಾರು ಒಂದು ರಾತ್ರಿ ನೀರಿನಲ್ಲಿ ನಿಂತಿತ್ತು. ಒಳಗಿನ ಮ್ಯಾಟ್ ಒಣಗಿಸಿ, ವಾಸನೆಗೆ ಕರ್ಪೂರ ಇಟ್ಟು ಮರೆತುಬಿಟ್ಟೆ. ಆಮೇಲೆ ಡ್ಯಾಶ್‌ಬೋರ್ಡಿನಲ್ಲಿ ಸಣ್ಣ ಸಣ್ಣ ಚೇಷ್ಟೆ ಶುರುವಾಯಿತು. ಹೆಡ್‌ಲೈಟ್ ಹಾಕಿದರೆ ಪೆಟ್ರೋಲಿನ ಮುಳ್ಳು ಒಂದು ಗೆರೆ ಕೆಳಗೆ ಇಳಿಯುವುದು, ಆರಿಸಿದರೆ ಮತ್ತೆ ಏಳುವುದು. ಬೆಳಕಿಗೂ ಪೆಟ್ರೋಲಿಗೂ ಏನು ಸಂಬಂಧ? ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಎಂಜಿನ್ ಬಿಸಿ ತೋರಿಸುವ ಮುಳ್ಳಂತೂ 'ಸಿ' ಅಕ್ಷರದ ಮೇಲೆ ಕೂತದ್ದು ಏಳಲೇ ಇಲ್ಲ. "ಹಳೇದಾದರೂ ಎಷ್ಟು ತಣ್ಣಗೆ ಓಡುತ್ತದೆ ನೋಡೇ!" ಅಂತ ಹೆಂಡತಿಯ ಮುಂದೆ ಜಂಭ ಬೇರೆ ಕೊಚ್ಚಿಕೊಂಡೆ.

2024ರ ಮೇ ತಿಂಗಳು. ಅಮ್ಮನನ್ನು ಊರಿಗೆ ಬಿಡಲು ಹೊರಟೆವು. ಅಮ್ಮನಿಗೆ 78. ಬೆಳಗಿನ ಜಾವ ಶಿಳ್‌ಫಾಟಾ ದಾಟಿ, ಕಳಂಬೋಲಿಯಲ್ಲಿ ಎಕ್ಸ್‌ಪ್ರೆಸ್‌ವೇ ಹಿಡಿದು ಖಂಡಾಲಾ ಘಾಟಿ ಏರುತ್ತಿದ್ದೆವು. ಮೊದಲು ಏಸಿಯ ಗಾಳಿ ಬೆಚ್ಚಗಾಯಿತು. ಆಮೇಲೆ ಒಂಥರಾ ಸಿಹಿ ಸಿಹಿ ವಾಸನೆ. "ರೀ, ಮುಂದೆ ಹೊಗೆ!" ಅಂತ ಇವಳು ಕೂಗುವಷ್ಟರಲ್ಲಿ ಬೋನೆಟ್ಟಿನ ಸಂದಿಯಿಂದ ಆವಿ ಏಳುತ್ತಿತ್ತು. ಮುಳ್ಳು ನೋಡಿದೆ. ಅದು ಮಾತ್ರ 'ಸಿ' ಮೇಲೆ ನಿಶ್ಚಿಂತೆಯಿಂದ ಕೂತಿತ್ತು!

ಪಕ್ಕಕ್ಕೆ ನಿಲ್ಲಿಸಿದರೆ ಲಾರಿಗಳು ಮೈಗೆ ತಾಗುವಂತೆ ಹೋಗುತ್ತಿವೆ. ಅಮ್ಮನನ್ನು ಕೈಹಿಡಿದು ಇಳಿಸಿ, ತಡೆಗೋಡೆಯ ಆಚೆ ಬಿಸಿಲಿನಲ್ಲಿ ಕೂರಿಸಿದೆವು. ಒಂದೂವರೆ ಗಂಟೆ. ಅಮ್ಮ ಒಂದು ಮಾತೂ ಬೈಯಲಿಲ್ಲ, ಕೊಡೆ ಬಿಡಿಸಿಕೊಂಡು ಜಪ ಮಾಡುತ್ತಾ ಕೂತಿದ್ದರು. ಬೈದಿದ್ದರೆ ವಾಸಿಯಿತ್ತು.

ಕಾರು ಎಳೆಸಿಕೊಂಡು ನವಿ ಮುಂಬಯಿಯ ಒಂದು ದೊಡ್ಡ ಗ್ಯಾರೇಜಿಗೆ ಬಂದೆವು. ಕೂಲಂಟಿನ ಪೈಪು ಬಿರುಕುಬಿಟ್ಟು ತಿಂಗಳಿಂದ ಸೋರಿ, ಕೊನೆಗೆ ಹೆಡ್ ಗ್ಯಾಸ್ಕೆಟ್ ಸುಟ್ಟಿತ್ತು. ಅದು ಸರಿ, ಖರ್ಚು ಮಾಡಲೇಬೇಕು. ಆದರೆ ಮುಳ್ಳಿನ ವಿಷಯಕ್ಕೆ ಅವರು ಕೊಟ್ಟ ಎಸ್ಟಿಮೇಟು "ಪೂರಾ ಮೀಟರ್ ಸೆಟ್ ಬದಲಿಸಬೇಕು, 14,000" ಅಂತ. ಹೇಗೆ ಗೊತ್ತಾಯಿತು ಅಂದೆ. "ಹಳೇ ಗಾಡಿ ಸಾರ್, ಹಾಗೇ ಆಗೋದು" ಅಂದರು. ತಪಾಸಣೆ ಇಲ್ಲದೆ ಸಾಲ ಮಂಜೂರು ಮಾಡಿದ ಹಾಗಾಯಿತು! ಎಂಜಿನ್ ಕೆಲಸ ಮಾತ್ರ ಅಲ್ಲಿ ಮುಗಿಸಿ ವಾಪಸ್ ತಂದೆ.

ನಮ್ಮ ಮಾನಪಾಡಾ ರಸ್ತೆಯ ಕಡೆ ಒಬ್ಬ ಆಟೋ ಇಲೆಕ್ಟ್ರಿಷಿಯನ್ ಇದ್ದಾನೆ. ಕಲಬುರಗಿ ಕಡೆಯ ಹುಡುಗ, ಈಗ ಅವನಿಗೂ ನಲವತ್ತೈದು. ಅಂಗಡಿಯೆಂದರೆ ಒಂದು ಸ್ಟೂಲು, ಒಂದು ಮಲ್ಟಿಮೀಟರ್. "ಮೊದ್ಲು ಅಳೀತೀನ್ರಿ ಸರ್, ಆಮ್ಯಾಲ ಬಿಚ್ಚತೀನಿ" ಅಂದ. ಅಳೆದ. ಹೆಡ್‌ಲೈಟ್ ಹಾಕಿಸಿ, ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ಮೀಟರಿನ ಅರ್ತಿಂಗ್ ತಂತಿಗೆ ಇಟ್ಟ. ಸೊನ್ನೆಯ ಹತ್ತಿರ ಇರಬೇಕಾದದ್ದು ಒಂದು ವೋಲ್ಟಿನ ಹತ್ತಿರ ತೋರಿಸಿತು. ಡ್ಯಾಶ್‌ಬೋರ್ಡಿನ ಕೆಳಗೆ ಆ ತಂತಿಯನ್ನು ಬಾಡಿಗೆ ಕಚ್ಚಿಸಿದ್ದ ಬೋಲ್ಟು ತುಕ್ಕು ಹಿಡಿದಿತ್ತು. ಲೈಟಿನ ಕರೆಂಟಿಗೂ ಮುಳ್ಳಿಗೂ ವಾಪಸಾಗಲು ಅದೊಂದೇ ದಾರಿ, ಅದೂ ಕೆಟ್ಟಿದ್ದರಿಂದ ಲೈಟು ಹಾಕಿದಾಗ ಮುಳ್ಳು ತಪ್ಪು ಲೆಕ್ಕ ಹೇಳುತ್ತಿತ್ತು. ಸ್ಯಾಂಡ್ ಪೇಪರಿನಿಂದ ಉಜ್ಜಿ ಬಿಗಿಮಾಡಿದ.

ಆಮೇಲೆ ಬಿಸಿಯ ಸೆನ್ಸರು. ಅದರ ಕನೆಕ್ಟರ್ ಬಿಚ್ಚಿದರೆ ಒಳಗೆಲ್ಲ ಹಸಿರು ಕಿಲುಬು. ನನ್ನ ಕಾರಿನಂಥ ಹಳೆಯ ಬಗೆಯಲ್ಲಿ ಎಂಜಿನ್ ಬಿಸಿಯಾದಷ್ಟೂ ಸೆನ್ಸರಿನ ತಡೆ ಕಡಿಮೆಯಾಗಿ, ಕರೆಂಟು ಹೆಚ್ಚು ಹರಿದು ಮುಳ್ಳು ಏಳುತ್ತದೆ. ತಂತಿಯೇ ಕಡಿದುಹೋದರೆ? ಕರೆಂಟಿಲ್ಲ, ಮುಳ್ಳು 'ಸಿ'ಯಲ್ಲೇ. ಅಂದರೆ ಕೆಟ್ಟ ಗೇಜು "ನಾನು ಕೆಟ್ಟಿದ್ದೇನೆ" ಅನ್ನುವುದಿಲ್ಲ, "ಎಲ್ಲ ಕ್ಷೇಮ" ಅನ್ನುತ್ತದೆ! ಬ್ಯಾಂಕಿನಲ್ಲಿ ಮೂವತ್ತು ವರ್ಷ ಕೂತ ನನಗೆ ಇದು ಹೊಳೆಯಬೇಕಿತ್ತು. ವರ್ಷಗಟ್ಟಲೆ ಒಂದು ಎಂಟ್ರಿಯೂ ಇಲ್ಲದ ಖಾತೆಯನ್ನು ನಾವು ಆರೋಗ್ಯವಾಗಿದೆ ಅನ್ನುತ್ತೇವೆಯೇ?

ಎರಡೂ ಕೆಲಸಕ್ಕೆ, ಹೊಸ ಕನೆಕ್ಟರ್ ಸೇರಿ, 350 ರೂಪಾಯಿ.

ದೊಡ್ಡ ಗ್ಯಾರೇಜಿನವರನ್ನು ಪೂರ್ತಿ ದೂರುವುದಿಲ್ಲ. ಹೊಸ ಕಾರುಗಳಲ್ಲಿ ಮೀಟರ್ ಅನ್ನುವುದೇ ಒಂದು ಕಂಪ್ಯೂಟರು, ಅಲ್ಲಿ ಬದಲಿಸುವುದೇ ಸರಿಯಿರಬಹುದು. ನನ್ನ ತಕರಾರು ಅಳೆಯದೆ ಬದಲಿಸುವ ಅಭ್ಯಾಸದ ಮೇಲೆ. ಅದಕ್ಕೆ ನಾವೂ ಕಾರಣ. "ಬೇಗ ಮಾಡಿಕೊಡಿ" ಅಂತ ಅವಸರ ಮಾಡುತ್ತೇವೆ, ಹುಡುಕಲು ತಗಲುವ ಒಂದು ಗಂಟೆಗೆ ದುಡ್ಡು ಕೊಡಲು ಚೌಕಾಶಿ ಮಾಡುತ್ತೇವೆ, ಪಾರ್ಟಿಗಾದರೆ ಕೇಳಿದಷ್ಟು ಕೊಡುತ್ತೇವೆ. ಪದ್ಮಿನಿ ಟ್ಯಾಕ್ಸಿಗಳಿದ್ದ ಕಾಲದಲ್ಲಿ (ಮುಂಬಯಿಯಲ್ಲಿ ಕೊನೆಯದರ ಇಪ್ಪತ್ತು ವರ್ಷದ ಅವಧಿ 2023ರ ಅಕ್ಟೋಬರಿನಲ್ಲಿ ಮುಗಿಯಿತು) ಚಾಲಕನೇ ಒಂದು ಬಲ್ಬಿಗೆ ಎರಡು ವೈರು ಕಟ್ಟಿಕೊಂಡು ಅರ್ಧ ತೊಂದರೆ ಪತ್ತೆ ಮಾಡುತ್ತಿದ್ದ. ನಾನು ಬಿ.ಕಾಂ. ಓದಿದವನು, ವೈರಿನ ತಂಟೆಗೆ ಹೋದವನೇ ಅಲ್ಲ. ಈಗ ನಾನೂ ಒಂದು ಮಲ್ಟಿಮೀಟರ್ ಕೊಂಡಿದ್ದೇನೆ. ಎಂಜಿನ್ ನಿಂತಾಗ ಬ್ಯಾಟರಿ 12.5ರ ಆಸುಪಾಸು, ಓಡುವಾಗ 14ರ ಆಸುಪಾಸು ಇದೆಯೇ ಅಂತ ಭಾನುವಾರ ನೋಡುತ್ತೇನೆ. ಇವಳು ನಗುತ್ತಾಳೆ, ನಗಲಿ.

ನೀವು ಮೀಟರ್ ಕೊಳ್ಳಬೇಕಿಲ್ಲ. ಕೀಲಿ ತಿರುಗಿಸಿ, ಸ್ಟಾರ್ಟ್ ಮಾಡುವ ಮೊದಲು ಎರಡು ಕ್ಷಣ ನಿಲ್ಲಿ. ಆಯಿಲ್ ಮತ್ತು ಬ್ಯಾಟರಿಯ ಕೆಂಪು ದೀಪಗಳು ಹತ್ತಬೇಕು, ಎಂಜಿನ್ ಶುರುವಾದ ಮೇಲೆ ಆರಬೇಕು. ಹತ್ತದಿದ್ದರೆ ಬಲ್ಬೋ ತಂತಿಯೋ ಹೋಗಿದೆ, ನಾಳೆ ಆಯಿಲ್ ಖಾಲಿಯಾದರೂ ನಿಮಗೆ ತಿಳಿಯುವುದಿಲ್ಲ. ಹೊರಟು ಹತ್ತು ಹದಿನೈದು ನಿಮಿಷದಲ್ಲಿ ಬಿಸಿಯ ಮುಳ್ಳು ಏಳಬೇಕು. ಏಳದಿದ್ದರೆ ಖುಷಿಪಡಬೇಡಿ. ಆವಿ ಬಂದರೆ ರೇಡಿಯೇಟರಿನ ಮುಚ್ಚಳಕ್ಕೆ ಮಾತ್ರ ಕೈ ಹಾಕಬೇಡಿ, ಪೂರ್ತಿ ತಣಿಯಲಿ.

ಈ ವರ್ಷವೂ ಅಮ್ಮನನ್ನು ಇದೇ ಕಾರಿನಲ್ಲಿ ಊರಿಗೆ ಬಿಟ್ಟು ಬಂದೆ. ಶಿಳ್‌ಫಾಟಾದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ ಹಿಂದಿನ ಸೀಟಿನಿಂದ ಜಪ ನಿಲ್ಲಿಸಿ ಕೇಳಿದರು, "ಮುಳ್ಳು ಎದ್ದಿತಾ ಮಗಾ?"

ಎದ್ದಿತ್ತು.