ಗಲ್ಲಾಪೆಟ್ಟಿಗೆಯ ಬಳಿಯ ಪಾಠಶಾಲೆ



ಪರೀಕ್ಷೆಗಳು ಮುಗಿದು ಫಲಿತಾಂಶಕ್ಕಾಗಿ ಕಾಯುವ ದಿನಗಳಲ್ಲಿ ನಮ್ಮ ಮನೆಗಳಲ್ಲಿ ಒಂದೇ ಮಾತು: ಮಗನಿಗೆ ಎಷ್ಟು ಅಂಕಗಳು ಬಂದಾವು? ಮಗಳಿಗೆ ಯಾವ ಕಾಲೇಜಿನಲ್ಲಿ ಪ್ರವೇಶ ದೊರೆತೀತು? ಈ ಚಿಂತೆ ಸಹಜವಾದುದೇ. ಆದರೆ ಈ ಗಡಿಬಿಡಿಯಲ್ಲಿ ನಾವು ಕಡೆಗಣಿಸುತ್ತಿರುವ ಇನ್ನೊಂದು ಪಾಠಶಾಲೆಯಿದೆ. ಅದು ಅನುಭವಿ ಉದ್ಯಮಿಗಳ ಬದುಕು.

ನಮಗೆ ಪರಿಚಿತರಾದ ಕಿರಾಣಿ ವ್ಯಾಪಾರಿಯೊಬ್ಬರು ಕೆಲವು ವರ್ಷಗಳ ಹಿಂದೆ ಹಠಾತ್ತನೆ ಹಾಸಿಗೆ ಹಿಡಿದರು. ಅವರ ಮಗ ವಾಣಿಜ್ಯ ಪದವೀಧರ, ಉತ್ತಮ ದರ್ಜೆಯಲ್ಲಿ ಉತ್ತೀರ್ಣನಾದವನು. ತಂದೆಯ ಉದ್ರಿ ಪುಸ್ತಕವನ್ನು ತೆರೆದು ಕುಳಿತಾಗ ಅವನಿಗೆ ದಿಕ್ಕೇ ತೋಚಲಿಲ್ಲ. ಯಾರ ಬಾಕಿ ಸುಗ್ಗಿಯಲ್ಲಿ ತಾನಾಗಿಯೇ ಬರುತ್ತದೆ, ಯಾರಿಗೆ ನೆನಪಿಸಬೇಕು, ಯಾರ ಮನೆಯ ಕಷ್ಟವನ್ನರಿತು ಸುಮ್ಮನಿರಬೇಕು ಎಂಬುದು ಪುಸ್ತಕದಲ್ಲಿರಲಿಲ್ಲ, ತಂದೆಯ ಮನಸ್ಸಿನಲ್ಲಿತ್ತು. “ಓದುವ ಹುಡುಗನಿಗೆ ಅಂಗಡಿಯ ಗೊಡವೆ ಏಕೆ?” ಎಂದು ಅವನನ್ನು ಒಂದು ದಿನವೂ ಗಲ್ಲಾಪೆಟ್ಟಿಗೆಯ ಬಳಿ ಕೂರಿಸಿರಲಿಲ್ಲ. ವರ್ಷ ತುಂಬುವುದರೊಳಗೆ ಆ ಅಂಗಡಿ ಮುಚ್ಚಿತು. ತಪ್ಪು ಮಗನದಲ್ಲ, ಆ ಪಾಠವನ್ನು ಅವನಿಂದ ದೂರವಿಟ್ಟ ನಮ್ಮೆಲ್ಲರ ತಿಳಿವಳಿಕೆಯದು.

ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಜೀವನವನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ತಿಳಿಯಬೇಕು. ಚಿತ್ರಕಲೆಯನ್ನು ಕಲಿಯಲೆಂದು ಮುಂಬಯಿಯ ಜೆ.ಜೆ. ಕಲಾಶಾಲೆಗೆ ಸೇರಿದ ಅವರಿಗೆ ಬಣ್ಣಗಳ ಭೇದ ಸರಿಯಾಗಿ ತಿಳಿಯದ ದೃಷ್ಟಿದೋಷವಿತ್ತು. ಚಿತ್ರಕಾರನಾಗುವ ಆಸೆ ಅಲ್ಲಿಗೇ ಮುಗಿಯಿತು. ಆದರೆ ಅವರು ಊರಿಗೆ ಮರಳಿ ಹಣೆಬರಹವನ್ನು ಹಳಿಯುತ್ತ ಕೂರಲಿಲ್ಲ. ಬಣ್ಣದ ಹಂಗಿಲ್ಲದ ಯಂತ್ರಗಳ ರೇಖಾಚಿತ್ರವನ್ನು ಕಲಿತು, ಅದನ್ನೇ ಕಲಿಸುವ ಅಧ್ಯಾಪಕರಾದರು. ಮುಂದೆ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ನಡೆಸಿದರು. ಮೇವು ಕತ್ತರಿಸುವ ಯಂತ್ರವನ್ನೂ ಕಬ್ಬಿಣದ ನೇಗಿಲನ್ನೂ ತಯಾರಿಸಿದರು. ಕಬ್ಬಿಣ ತಗುಲಿದರೆ ಭೂಮಿ ಕೆಡುತ್ತದೆಂದು ರೈತರು ಅಂಜಿದ್ದರಿಂದ, ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷಗಳು ಹಿಡಿದವೆಂದು ಹೇಳುತ್ತಾರೆ. ಅವರು ರೈತರನ್ನು ಜರಿಯಲಿಲ್ಲ, ನೇಗಿಲನ್ನೂ ಕೈಬಿಡಲಿಲ್ಲ. 1910ರಲ್ಲಿ ಔಂಧ್ ಸಂಸ್ಥಾನದ ಅರಸರ ಆಶ್ರಯದಲ್ಲಿ ಕಿರ್ಲೋಸ್ಕರವಾಡಿ ತಲೆಯೆತ್ತಿತು. ಒಂದು ವಿಷಯದಲ್ಲಿ ಅನುತ್ತೀರ್ಣರಾದೊಡನೆ ಬಾಳೇ ಮುಗಿಯಿತೆಂದು ಕೊರಗುವ ಮಕ್ಕಳಿಗೆ ಇದಕ್ಕಿಂತ ದೊಡ್ಡ ಸಾಂತ್ವನ ಬೇಕೆ?

ನಮ್ಮ ಕಾಲದವರೇ ಆದ ವಿಜಯ ಸಂಕೇಶ್ವರರು ಗದಗಿನ ಮುದ್ರಣ ವ್ಯವಸಾಯದ ಮನೆತನದವರು. 1976ರಲ್ಲಿ ಅವರು ಸಾಗಾಣಿಕೆ ಆರಂಭಿಸಿದ್ದು ಒಂದೇ ಒಂದು ಲಾರಿಯಿಂದ. ಅವರ ಸಂಸ್ಥೆಯ ಸಾವಿರಾರು ವಾಹನಗಳನ್ನು ಕಂಡು ಬೆರಗಾಗುವ ಯುವಕರು ಆ ಒಂದು ಲಾರಿಯನ್ನು ನೆನೆಯುವುದಿಲ್ಲ. ಮೊದಲ ದಿನವೇ ದೊಡ್ಡದಾಗಿ ತೋರಬೇಕೆಂದು ಹಿರಿಯರ ಹೊಲವನ್ನು ಒತ್ತೆಯಿಡಲು ಹೊರಡುವವರು ಇದನ್ನು ಮನಗಾಣಬೇಕು. ಸಣ್ಣದಾಗಿ ತೊಡಗುವುದು ಅವಮಾನವಲ್ಲ.

ಇನ್ನು ಗಳಿಕೆಯ ಮಾತು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಲಕ್ಕಮ್ಮನವರು ಹೇಳಿದ ಕಥೆ ನಮ್ಮ ಮನೆಗಳಲ್ಲಿ ಯಾರಿಗೆ ತಿಳಿಯದು? ದುಡಿಮೆ ಕಾಯಕವಾಗುವುದು ಅದರಲ್ಲಿ ಪ್ರಾಮಾಣಿಕತೆಯೂ ಮಿತಿಯೂ ಇದ್ದಾಗ. ಗಳಿಕೆ ಸಾರ್ಥಕವಾಗುವುದು ಅದು ದಾಸೋಹಕ್ಕೆ ಸಂದಾಗ. ತೂಕದಲ್ಲಿ ಕೈಚಳಕ ತೋರಿ ಬೆಳೆದವನನ್ನು ಅನುಭವಿ ಎನ್ನಬಹುದು, ಆದರ್ಶವೆನ್ನಲಾಗದು. ಯಾರಿಂದ ಕಲಿಯಬೇಕೆಂಬ ವಿವೇಕವೂ ವಿದ್ಯೆಯ ಒಂದು ಭಾಗವೇ.

ಆದುದರಿಂದ ತಂದೆತಾಯಿಗಳಲ್ಲಿ ನಮ್ಮದೊಂದು ಬಿನ್ನಹ. ಈ ರಜೆಯಲ್ಲಿ ಹದಿನೈದು ದಿನಗಳ ಮಟ್ಟಿಗಾದರೂ ಮಗನನ್ನೋ ಮಗಳನ್ನೋ ನಿಮ್ಮೂರಿನ ಒಬ್ಬ ಸಜ್ಜನ ವ್ಯಾಪಾರಿಯ, ಅಡತಿಯವರ ಅಥವಾ ಸಣ್ಣ ಕಾರ್ಖಾನೆಯವರ ಬಳಿಗೆ ಕಳುಹಿಸಿರಿ. ಮಕ್ಕಳು ಅವರಿಗೆ ಮೂರು ಪ್ರಶ್ನೆಗಳನ್ನು ಕೇಳಲಿ: ನಿಮಗೆ ಮೊದಲ ನಷ್ಟ ಏಕೆ ಬಂದಿತು? ಆ ಸಾಲವನ್ನು ಹೇಗೆ ತೀರಿಸಿದಿರಿ? ಕೊಡಲಾಗದವನನ್ನು ಹೇಗೆ ನಡೆಸಿಕೊಂಡಿರಿ? ಲಾಭದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಈ ಮೂರಕ್ಕೆ ಮನಬಿಚ್ಚಿ ಉತ್ತರಿಸಿದವರನ್ನೇ ಗುರುವೆಂದು ತಿಳಿಯಿರಿ.

ನಮ್ಮ ಮಕ್ಕಳು ವೈದ್ಯರಾಗಲಿ, ಅಧಿಕಾರಿಗಳಾಗಲಿ, ಅಂಗಡಿಯನ್ನೇ ನಡೆಸಲಿ, ದುಡಿಯುವ ಕೈಗೆ ಎಂದೂ ನಾಚದಿರಲಿ.