ಇಲ್ಲಿ ಕೂಲಿ, ಅಲ್ಲಿ ವರ್ಕಿಂಗ್ ಹಾಲಿಡೇನಾ?

📌 1/5

ಆಸ್ಟ್ರೇಲಿಯಾಕ್ಕೆ ಇಳಿಯೋ ಮುಂಚೆ ವಿಮಾನದಲ್ಲೇ ಒಂದು ಕಾರ್ಡ್ ಕೊಡ್ತಾರೆ. ಅದರಲ್ಲೊಂದು ಪ್ರಶ್ನೆ: ಕಳೆದ 30 ದಿನದಲ್ಲಿ ತೋಟ, ಜಾನುವಾರು ಇರೋ ಜಾಗಕ್ಕೆ ಹೋಗಿದ್ರಾ?

ನಾನು ತುರುವೇಕೆರೆ ಕಡೆಯವನು. ಮನೆ ಸುತ್ತ ತೆಂಗು, ಕೊಟ್ಟಿಗೇಲಿ ಎರಡು ಹಸು. 'ಹೌದು' ಅಂತ ಗುರುತು ಹಾಕಿದೆ. ಬ್ರಿಸ್ಬೇನ್ ಏರ್‌ಪೋರ್ಟಲ್ಲಿ ಅಧಿಕಾರಿ ಪಕ್ಕಕ್ಕೆ ಕರೆದು ಶೂ ತಿರುಗಿಸಿ ನೋಡಿದ್ರು. ಒಂದು ಚೂರು ಮಣ್ಣಿಲ್ಲ. 'ಹೋಗಬಹುದು' ಅಂದ್ರು.

ಮೊದಲು ಸಮಾಧಾನ ಆಯ್ತು, ಆಮೇಲೆ ನಾಚಿಕೆ. 26 ವರ್ಷ ತೋಟದ ಮನೆಯಲ್ಲಿ ಬೆಳೆದವನ ಶೂಗೆ ಮಣ್ಣೇ ಇಲ್ಲ!

ಒಂದು ವಾರಕ್ಕೆ ಇದೇ ನಾನು ಕ್ವೀನ್ಸ್‌ಲ್ಯಾಂಡಿನ ಟಲ್ಲಿ ಅನ್ನೋ ಊರಲ್ಲಿ, ಕೆಸರಲ್ಲಿ ನಿಂತು ಬಾಳೆಗೊನೆ ಹೊರ್ತಾ ಇದ್ದೆ. ಫೋಟೊ ಹಾಕಿದೆ. ನೀವೆಲ್ಲ ಲೈಕ್ ಒತ್ತಿದ್ರಿ, 'ಸೂಪರ್ ಮಗಾ' ಅಂದ್ರಿ.

ಅದೇ ಫೋಟೊ ನಮ್ಮ ತೋಟದಲ್ಲಿ ತೆಗೆದಿದ್ರೆ ಏನಂತಿದ್ರಿ? ಅದನ್ನೇ ಇವತ್ತು ಮಾತಾಡೋಣ 👇

📌 2/5

ಮೊದಲು ವೀಸಾ ವಿಷಯ, ಯಾಕಂದ್ರೆ ದಿನಕ್ಕೆ ಹತ್ತು ಜನ ಮೆಸೇಜ್ ಮಾಡ್ತೀರಿ.

ಇದರ ಹೆಸರು ವರ್ಕ್ ಅಂಡ್ ಹಾಲಿಡೇ ವೀಸಾ, ಸಬ್‌ಕ್ಲಾಸ್ 462. ಭಾರತ-ಆಸ್ಟ್ರೇಲಿಯಾ ವ್ಯಾಪಾರ ಒಪ್ಪಂದದಿಂದ ಬಂದದ್ದು. ನಮ್ಮವರಿಗೆ ಮೊದಲ ಲಾಟರಿ ನಡೆದದ್ದು 2024ರ ಅಕ್ಟೋಬರ್‌ನಲ್ಲಿ. ಇಡೀ ಭಾರತಕ್ಕೆ ವರ್ಷಕ್ಕೆ 1,000 ಜಾಗ. ವಯಸ್ಸು 18ರಿಂದ 30. ಪಿಯುಸಿ ಆದ್ಮೇಲೆ ಕನಿಷ್ಠ ಎರಡು ವರ್ಷ ಓದಿರಬೇಕು, ಇಂಗ್ಲಿಷ್ ಬರಬೇಕು, ಸುಮಾರು 5,000 ಡಾಲರ್ ಕೈಯಲ್ಲಿರಬೇಕು. ಎರಡನೇ ವರ್ಷದ ವೀಸಾ ಬೇಕಂದ್ರೆ ಸರ್ಕಾರ ಗುರುತು ಮಾಡಿದ ಪ್ರದೇಶದಲ್ಲಿ ಮೂರು ತಿಂಗಳು ನಿಗದಿತ ಕೆಲಸ ಮಾಡಿರಬೇಕು. ಗಿಡ ನೋಡ್ಕೊಳ್ಳೋದು, ಹಣ್ಣು ಕೀಳೋದು, ಪ್ಯಾಕ್ ಮಾಡೋದು ಎಲ್ಲ ಅದರಲ್ಲಿ ಬರುತ್ತೆ.

ಲಾಟರಿಗೆ ಹೆಸರು ಹಾಕೋಕೆ 25 ಡಾಲರ್. ಹೆಸರು ಎತ್ತೋದು ಕಂಪ್ಯೂಟರ್. ನನ್ನ ಹತ್ರನೂ ಒಬ್ಬರು ಬಂದು 'ಲಕ್ಷ ಕೊಡಿ, ಗ್ಯಾರಂಟಿ' ಅಂದಿದ್ರು. ಲಾಟರಿಗೆ ಎಲ್ಲಿಯ ಗ್ಯಾರಂಟಿ ರೀ? ಕೊಬ್ಬರಿ ಮಾರಿದ ದುಡ್ಡನ್ನ ಇಂಥವರ ಕೈಗೆ ಕೊಡಬೇಡಿ.

ಇನ್ನೊಂದು ಮಾತು. ಹೆಸರಲ್ಲಿ ಹಾಲಿಡೇ ಇದೆ. ಆದ್ರೆ ನಾನು ಎದ್ದಿದ್ದು ಬೆಳಗಿನ ಜಾವ ನಾಲ್ಕೂವರೆಗೆ.

📌 3/5

ಈಗ ಜಗಳಕ್ಕೆ ಬರ್ತೀನಿ.

ನಮ್ಮ ಕಡೆ ತೋಟದಲ್ಲಿ ಕಾಯಿ ಸುಲಿಯೋ ಹುಡುಗನಿಗೆ ಹೆಣ್ಣು ಕೊಡಲ್ಲ. ಅವನೇ ಟಲ್ಲಿಗೆ ಹೋಗಿ ಬಾಳೆಗೊನೆ ಹೊತ್ರೆ 'ಹುಡುಗ ಫಾರಿನ್ನಲ್ಲಿದಾನೆ'. ಬೆವರು ಅದೇ, ಬೆನ್ನುನೋವೂ ಅದೇ. ಬದಲಾಗಿದ್ದು ಪಾಸ್‌ಪೋರ್ಟ್ ಮೇಲಿನ ಮುದ್ರೆ ಮಾತ್ರ.

ಯಾವ ಕೆಲಸಕ್ಕೆ ಹೆಚ್ಚು ಕಸುಬು ಬೇಕು ಹೇಳಿ? ಗೊನೆ ಹೊರೋದನ್ನ ನಾನು ಅರ್ಧ ದಿನಕ್ಕೆ ಕಲಿತೆ. ಆದ್ರೆ ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿದ ಕಾಯಿ ಸುಲಿದು, ಚಿಪ್ಪು ಒಡೆದು, ಒಳಗಿನ ಉಂಡೆ ಕೊಬ್ಬರಿ ಸೀಳದ ಹಾಗೆ ತೆಗೆಯೋದು ನನಗೆ ಇವತ್ತಿಗೂ ಬರಲ್ಲ. ತಿಪಟೂರು ಕೊಬ್ಬರಿ ಅಂತ ದೇಶವೆಲ್ಲ ಹೆಸರಾಗಿದ್ದು ಆ ಕೈಗಳಿಂದ.

ಆ ಕೈಗಳಿಗೆ ನಮ್ಮನೇಲಿ ಏನು ಕೊಟ್ವಿ? ನಮ್ಮನೆ ಕಾಯಿ ಸುಲಿಯೋಕೆ ಬರೋರು ನಮ್ಮಪ್ಪನಿಗಿಂತ ದೊಡ್ಡವರು. ಹತ್ತು ವರ್ಷದ ಹುಡುಗನಾಗಿ ನಾನು ಅವರನ್ನ 'ಲೋ, ಬಾರೋ' ಅಂತಿದ್ದೆ. ಯಾರೂ ತಿದ್ದಲಿಲ್ಲ. ಅವರ ಕಾಫಿ ಲೋಟ ಬೇರೆ. ಹಿತ್ತಲ ಗೋಡೆ ಮೇಲೆ ಬೋರಲು ಹಾಕಿರುತ್ತೆ, ಅವರೇ ತೊಳೆದು ಇಡಬೇಕು.

ಟಲ್ಲಿಯ ತೋಟದಲ್ಲಿ ಬೆಳಗಿನ ಟೀಗೆ ಕೂತಾಗ ಮಾಲೀಕ ನನ್ನ ಪಕ್ಕ ಕೂತ. ಇದ್ದಿದ್ದು ಒಂದೇ ಡಬ್ಬಿ ಕಪ್ಪುಗಳು, ಯಾವುದು ಸಿಕ್ತೋ ಅದು. ನನಗೆ ಆ ಬೋರಲು ಲೋಟ ನೆನಪಾಯ್ತು. ಟೀ ಗಂಟಲಲ್ಲಿ ಇಳೀಲಿಲ್ಲ.

📌 4/5

'ಆಸ್ಟ್ರೇಲಿಯಾದವರು ಒಳ್ಳೆಯವರು ಬಿಡಪ್ಪ, ನಮ್ಮ ಜನಾನೇ ಹಿಂಗೆ' ಅನ್ನೋರಿಗೆ: ಸುಳ್ಳು.

ಅಲ್ಲಿಯ ತೋಟಗಳಲ್ಲೂ ಬುಟ್ಟಿಗೆ ಇಷ್ಟು, ಡಬ್ಬಕ್ಕೆ ಇಷ್ಟು ಅಂತ ಕೊಟ್ಟು ನಮ್ಮಂಥ ಹುಡುಗ್ರನ್ನ ವರ್ಷಗಟ್ಟಲೆ ಸುಲಿದಿದ್ದಾರೆ. 2015ರಲ್ಲಿ ಅಲ್ಲಿನ ಎಬಿಸಿ ಟಿವಿಯೇ ಅದನ್ನ ಬಯಲಿಗೆ ತಂತು. ಕಾರ್ಮಿಕ ಸಂಘ ಹೋರಾಡ್ತು. 2022ರ ಏಪ್ರಿಲ್ 28ರಿಂದ ನಿಯಮ ಬದಲಾಯ್ತು: ಬುಟ್ಟಿ ಲೆಕ್ಕದಲ್ಲಿ ಕೊಟ್ರೂ ಗಂಟೆ ಲೆಕ್ಕದ ಕನಿಷ್ಠ ಕೂಲಿಗಿಂತ ಕಡಿಮೆ ಕೊಡೋ ಹಾಗಿಲ್ಲ. 2025ರ ಜುಲೈ 1ಕ್ಕೆ ರಾಷ್ಟ್ರೀಯ ಕನಿಷ್ಠ ಕೂಲಿ ಗಂಟೆಗೆ 24.95 ಡಾಲರ್ ಆಯ್ತು. ದುಡಿದ ಗಂಟೆ, ಹಿಡಿದ ತೆರಿಗೆ ಎಲ್ಲ ಬರೆದ ಚೀಟಿ ಕೈಗೆ ಬರಬೇಕು. ನಮ್ಮ ವೀಸಾದವರಿಗೆ ಮೊದಲ ಡಾಲರಿನಿಂದಲೇ ಶೇ 15 ತೆರಿಗೆ ಹಿಡಿಯೋದೂ ಅದರಲ್ಲಿ ಕಾಣುತ್ತೆ.

ಹಾಗಾಗಿ ಅಲ್ಲಿ ಸಿಕ್ಕ ಮರ್ಯಾದೆ ಯಾರದೋ ಒಳ್ಳೆ ಮನಸ್ಸಿಂದ ಬಂದದ್ದಲ್ಲ, ಕೇಳಿ ಪಡೆದದ್ದು. ನಮ್ಮಲ್ಲೂ ಕನಿಷ್ಠ ವೇತನ ಕಾಯ್ದೆ 1948ರಲ್ಲೇ ಬಂತು. ನಮ್ಮ ತೋಟದಲ್ಲಿ ಒಂದು ದಿನಾನಾದ್ರೂ ಅದರ ಹೆಸರು ಎತ್ತಿದೀವಾ?

📌 5/5

ಗೊತ್ತು, ಕಾಮೆಂಟಲ್ಲಿ ಬರ್ತೀರಿ: 'ನಮಗೇ ರೇಟ್ ಸಿಗಲ್ಲ, ಕೂಲಿ ಎಲ್ಲಿಂದ ಕೊಡೋದು?'

ನ್ಯಾಯವಾದ ಮಾತು. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇತ್ತು, ಮಾರುಕಟ್ಟೆ ಅದಕ್ಕಿಂತ ತುಂಬಾ ಕೆಳಗೆ ಬಿತ್ತು. ನಮ್ಮ ಅಪ್ಪಂದಿರು ಬೀದಿಗಿಳಿದ್ರು. ಏನು ಕೇಳಿದ್ರು? 'ನಮ್ಮ ದುಡಿಮೆಗೆ ಒಂದು ತಳ ಇರಲಿ, ಅದಕ್ಕಿಂತ ಕೆಳಗೆ ಹೋಗಬೇಡಿ' ಅಂತ.

ಕನಿಷ್ಠ ಕೂಲಿ ಅಂದ್ರೂ ಅದೇ ಅಲ್ವೇನ್ರೀ? ಬೆಂಬಲ ಬೆಲೆ ಕೊಬ್ಬರಿಗೆ ಹಾಕೋ ತಳ, ಕನಿಷ್ಠ ಕೂಲಿ ಬೆವರಿಗೆ ಹಾಕೋ ತಳ. ಒಂದನ್ನ ಬೀದೀಲಿ ಕೂಗಿ ಕೇಳಿ, ಇನ್ನೊಂದನ್ನ ಹಿತ್ತಲಲ್ಲಿ ಮುಚ್ಚಿಡೋದು ಯಾವ ನ್ಯಾಯ? ರೇಟ್ ಬಿದ್ದಾಗ ಕಷ್ಟ, ಒಪ್ಪಿದೆ. ರೇಟ್ ಎದ್ದಾಗ ಎಷ್ಟು ಮನೆಯಲ್ಲಿ ಕೂಲಿನೂ ಎದ್ದಿತು?

ಸರಿ, ದುಡ್ಡಿನ ಮಾತು ಬಿಡಿ. ಲೋಟಕ್ಕೆ ದುಡ್ಡು ಬೇಕಾ? 'ಲೋ' ಬಿಟ್ಟು 'ಅಣ್ಣ' ಅನ್ನೋಕೆ ಬೇಕಾ?

ಹೋಗಿ, ಖಂಡಿತ ಹೋಗಿ. ಸಮುದ್ರ ನೋಡಿ, ದುಡೀರಿ, ನಿಮ್ಮ ಚೀಟಿಲಿ ಒಂದು ಗಂಟೆ ಕಮ್ಮಿ ಬಂದ್ರೆ ಧೈರ್ಯವಾಗಿ ಕೇಳಿ. ಆದ್ರೆ ಅಲ್ಲಿ ನಿಮಗೋಸ್ಕರ ಕೇಳಿದ್ದನ್ನ ಇಲ್ಲಿ ಬೇರೆಯವರು ಕೇಳಿದಾಗ 'ಕೂಲಿಯವರಿಗೆ ಕೊಬ್ಬು' ಅನ್ನಬೇಡಿ.

ನಾನು ಊರಿಗೆ ಬಂದ ದಿನ ಆ ಲೋಟ ಗೋಡೆ ಮೇಲೇ ಇತ್ತು. ತಂದು ಅಡುಗೆಮನೆಗೆ ಇಟ್ಟೆ. ಅಮ್ಮ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಅವರಿಗೆ ಅದೇ ಸಾಲಿನ ಲೋಟದಲ್ಲಿ ಕಾಫಿ ಕೊಟ್ಟರು, ನನ್ನ ಮುಖ ನೋಡಲಿಲ್ಲ. ಅಷ್ಟೇ ಆಗಿರೋದು ಇಲ್ಲಿವರೆಗೆ. ಕೂಲಿ ವಿಷಯಕ್ಕೆ ಅಪ್ಪನ ಜೊತೆ ಜಗಳ ಇನ್ನೂ ನಡೀತಿದೆ.

ನಿಮ್ಮನೆ ಹಿತ್ತಲ ಗೋಡೆ ಮೇಲೆ ಲೋಟ ಇದೆಯಾ? ಎದ್ದು ಹೋಗಿ ನೋಡಿ, ಬಂದು ಕಾಮೆಂಟಲ್ಲಿ ಹೇಳಿ.

#ತಿಪಟೂರು #ತುರುವೇಕೆರೆ #ಚಿಕ್ಕನಾಯಕನಹಳ್ಳಿ #ಕೊಬ್ಬರಿ #ವರ್ಕಿಂಗ್‌ಹಾಲಿಡೇ