ನಮ್ಮದೂ ಒಂದು ಮೇಣದಬತ್ತಿ

ಆಸ್ಪತ್ರೆಗೆಂದು ಹೆಂಗಸು ಬೆಂಗಳೂರಿಗೆ ಹೋದರೆ ಯಾರೂ ಏನೂ ಕೇಳುವುದಿಲ್ಲ. ಮದುವೆ ಸೀರೆ ತರಲು ಚಿಕ್ಕಪೇಟೆಗೆ ಹೊರಟರೆ ಮನೆಯವರೇ ದುಡ್ಡು ಎಣಿಸಿ ಕೊಡುತ್ತಾರೆ. ಹರಕೆ ತೀರಿಸಲು ಎಷ್ಟು ದೂರ ಹೋದರೂ ಅದು ಪುಣ್ಯದ ಖಾತೆಗೆ ಜಮಾ. ಆದರೆ ‘ಒಂದಿಷ್ಟು ಚಿತ್ರ ನೋಡಿಕೊಂಡು ಬರುತ್ತೇನೆ’ ಎಂದು ಹೇಳಿ ನೋಡಿ. ‘ಯಾವ ಟಾಕೀಸಿನಲ್ಲಿ?’ ಎಂಬ ಪ್ರಶ್ನೆ ಮೊದಲು ಬರುತ್ತದೆ. ಸಿನಿಮಾ ಅಲ್ಲ, ಗೋಡೆಗೆ ತೂಗುಹಾಕಿದ ಚಿತ್ರ ಎಂದರೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಕೊನೆಗೆ ತೀರ್ಪು: ‘ಅದೆಲ್ಲ ದುಡ್ಡಿರುವವರಿಗೆ ಕಣೇ, ನಮಗ್ಯಾಕೆ?’

ಈ ‘ನಮಗ್ಯಾಕೆ’ಯ ಮೇಲೆಯೇ ನನ್ನ ಜಗಳ.

ದುಡ್ಡಿನ ಮಾತನ್ನೇ ಮೊದಲು ಎತ್ತಿಕೊಳ್ಳೋಣ. ಲೆಕ್ಕ ಹಾಕುವುದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಮುದ್ದೇನಹಳ್ಳಿ ಕಡೆಯಿಂದ ಬೆಂಗಳೂರು ಸುಮಾರು 60 ಕಿಲೋಮೀಟರು. 2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟಿನ ಹಣವಿಲ್ಲ. ನಗರದೊಳಗಿನ ಸಾಮಾನ್ಯ ಬಸ್ಸಿನಲ್ಲೂ ಇಲ್ಲ. ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ 2009ರಲ್ಲಿ ತೆರೆದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೆ ನಮ್ಮವರಿಗೆ ಇರುವ ಪ್ರವೇಶ ದರ ಹೋಟೆಲಿನ ಒಂದು ಕಾಫಿಯ ಆಸುಪಾಸು. ಜನವರಿಯ ಒಂದು ಭಾನುವಾರ ಚಿತ್ರಕಲಾ ಪರಿಷತ್ತಿನವರು ಕುಮಾರಕೃಪಾ ರಸ್ತೆಯುದ್ದಕ್ಕೂ ನಡೆಸುವ ಚಿತ್ರಸಂತೆಗೆ ಕಾಸೇ ಬೇಡ. 1945ರಲ್ಲಿ ಶುರುವಾದ ಬಸವನಗುಡಿಯ ವಿಶ್ವ ಸಂಸ್ಕೃತಿ ಸಂಸ್ಥೆಯಲ್ಲಿ ಉಪನ್ಯಾಸ, ಸಂಗೀತ ಪುಕ್ಕಟೆಯಾಗಿ ನಡೆಯುತ್ತವೆ. ಕಸ್ತೂರ್‌ಬಾ ರಸ್ತೆಯಲ್ಲಿ ನಮ್ಮೂರಿನವರ ಹೆಸರಿನದೇ ಆದ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಮಾತ್ರ ಟಿಕೆಟು ಸ್ವಲ್ಪ ಜಾಸ್ತಿ. ಅದನ್ನು ಮಕ್ಕಳ ರಜೆಗೆ ಇಟ್ಟುಕೊಳ್ಳಿ. ಡಬ್ಬಿಯಲ್ಲಿ ಚಿತ್ರಾನ್ನ ಕಟ್ಟಿಕೊಂಡರೆ ಊಟದ ಖರ್ಚೂ ಇಲ್ಲ. ಈಗ ಹೇಳಿ, ಅಡ್ಡ ಬಂದಿರುವುದು ದುಡ್ಡೇ?

ಅಲ್ಲ. ದುಡ್ಡು ಒಂದು ನೆಪ. ಬಸ್ಸು ಬಿಟ್ಟಿಯಾದ ಮೇಲೆ ಆ ನೆಪ ಕೈಜಾರಿತು, ಅದಕ್ಕೇ ಈಗ ಗೇಲಿ ಶುರುವಾಗಿದೆ. ‘ಹೆಂಗಸರಿಗೆ ಬೇರೆ ಕೆಲಸವಿಲ್ಲ, ಬಿಟ್ಟಿ ಬಸ್ಸೆಂದು ಊರೂರು ಸುತ್ತುತ್ತಾರೆ’ ಎಂಬ ಮಾತನ್ನು ನಾನು ಬಸ್ಸಿನ ಒಳಗೂ ಕೇಳಿದ್ದೇನೆ, ಹೊರಗೂ ಕೇಳಿದ್ದೇನೆ. ಒಮ್ಮೆ ಹಿರಿಯರೊಬ್ಬರು ‘ನಮ್ಮ ತೆರಿಗೆ ದುಡ್ಡಿನಲ್ಲಿ ನಿಮ್ಮ ಸವಾರಿ ಅಲ್ಲವೇನಮ್ಮ?’ ಎಂದರು. ‘ಸೋಪು, ಸೀರೆ, ಮಿಕ್ಸಿ ಕೊಳ್ಳುವಾಗ ನಾವೂ ತೆರಿಗೆ ಕಟ್ಟುತ್ತೇವೆ ಯಜಮಾನರೇ’ ಎಂದೆ. ಅವರು ಕಿಟಕಿಯ ಕಡೆ ತಿರುಗಿದರು. ಅರಳಿಕಟ್ಟೆಯ ಮೇಲೆ ದಿನಗಟ್ಟಲೆ ಕೂತು ಇಸ್ಪೀಟಾಡುವವರ ಹೊತ್ತನ್ನು ಯಾರೂ ಅಳೆಯುವುದಿಲ್ಲ. ಹೆಂಗಸಿನ ಒಂದು ದಿನಕ್ಕೆ ಮಾತ್ರ ಕಾರಣ ಬೇಕು, ಅದರ ಮೇಲೆ ಅಪ್ಪಣೆಯೂ ಬೇಕು. ರೋಗ, ದೇವರು, ಮದುವೆ ಇವು ಮೂರೂ ಒಪ್ಪಿತವಾದ ಕಾರಣಗಳು. ಸಂತೋಷ ಎಂಬುದು ಆ ಪಟ್ಟಿಯಲ್ಲಿಲ್ಲ.

ಇನ್ನೊಂದು ಅಡ್ಡಗೋಡೆಯನ್ನು ನಾವೇ ಕಟ್ಟಿಕೊಂಡಿದ್ದೇವೆ. ‘ಹೋದರೂ ನಮಗೇನು ಅರ್ಥವಾಗುತ್ತೆ ಅಕ್ಕ?’ ಎನ್ನುತ್ತಾರೆ ನೆರೆಯವರು. ಏಕೆ ಅರ್ಥವಾಗಬಾರದು? ಶಿಡ್ಲಘಟ್ಟದಲ್ಲಿ ರೇಷ್ಮೆ ಬಿಚ್ಚಾಣಿಕೆ ಮಾಡುವ ಹೆಣ್ಣುಮಕ್ಕಳು ಗೂಡನ್ನು ಬೆರಳಲ್ಲಿ ಒತ್ತಿಯೇ ನೂಲಿನ ಗುಣ ಹೇಳುತ್ತಾರೆ. ಹದಿನೈದು ಚುಕ್ಕಿಯ ರಂಗೋಲಿಯನ್ನು ಕಾಗದವಿಲ್ಲದೆ ಬಿಡಿಸುವ ಕಣ್ಣು ನಮ್ಮದು. ಇಂಥ ಕಣ್ಣಿಗೆ ಒಂದು ಚಿತ್ರದ ಬಣ್ಣ, ಗೆರೆ ತಿಳಿಯುವುದಿಲ್ಲವೆಂದು ಹೇಳಿದವರು ಯಾರು?

ವೆಂಕಟಪ್ಪನವರ ಚಿತ್ರಗಳನ್ನೇ ತೆಗೆದುಕೊಳ್ಳಿ. ಮೈಸೂರಿನ ಚಿತ್ರಗಾರರ ಮನೆತನದಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಹತ್ತಿರ ಕಲಿತು, ವೀಣೆಯನ್ನೂ ಅಭ್ಯಾಸ ಮಾಡಿದ ಅವರು 1965ರಲ್ಲಿ ತೀರಿಕೊಳ್ಳುವವರೆಗೆ ಸನ್ಯಾಸಿಯಂತೆ ಬದುಕಿದರು. ಅವರು ಜಲವರ್ಣದಲ್ಲಿ ಬರೆದ ಊಟಿಯ ಮಂಜನ್ನು ನೋಡಲು ಪದವಿ ಬೇಕಿಲ್ಲ. ಚಳಿಗಾಲದ ಬೆಳಗ್ಗೆ ನಂದಿಬೆಟ್ಟದ ನೆತ್ತಿ ಮಂಜಿನಲ್ಲಿ ಮುಳುಗುವುದನ್ನು ಹಿತ್ತಲಿಂದ ನೋಡಿದ್ದರೆ ಸಾಕು.

1865ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂಗೆ ಸೇರಿದ ಆತಕೂರಿನ ಕಲ್ಲಿನ ಕಥೆಯೂ ಹಾಗೆಯೇ. ಹತ್ತನೆಯ ಶತಮಾನದ ಆ ಕಲ್ಲು ರಾಜರ ಯುದ್ಧವನ್ನು ಹೇಳುವುದರ ಜೊತೆಗೆ ಕಾಳಿ ಎಂಬ ಒಂದು ನಾಯಿಯನ್ನೂ ನೆನೆಯುತ್ತದೆ. ಕಾಡುಹಂದಿಯ ಮೇಲೆ ಬಿದ್ದು, ಅದನ್ನು ಕೊಂದು ತಾನೂ ಸತ್ತ ಆ ನಾಯಿಗಾಗಿ ಮಣಲೇರನೆಂಬ ವೀರ ಕಲ್ಲು ನೆಡಿಸಿದ. ಹಂದಿ, ನಾಯಿ ಎರಡೂ ಕಲ್ಲಿನ ಮೇಲಿವೆ. ಸಾವಿರ ವರ್ಷದ ಹಿಂದೆ ಒಂದು ನಾಯಿಯ ಸಾವಿಗೆ ನೊಂದವನ ಮನಸ್ಸು ತಿಳಿಯಲು ಹಳಗನ್ನಡದ ಪಂಡಿತರಾಗಬೇಕೇ?

ಬೆಂಗಳೂರು ದೂರವಾಯಿತೆನ್ನುವವರಿಗೆ ಪಕ್ಕದಲ್ಲೇ ನಂದಿ ಗ್ರಾಮದ ಭೋಗನಂದೀಶ್ವರನಿದ್ದಾನೆ. ಟಿಕೆಟಿಲ್ಲ. ಬಾಣರ ರಾಣಿ ರತ್ನಾವಳಿ ಕಟ್ಟಿಸಿದಳೆಂದು ಹೇಳುವ ಗುಡಿ. ನಾವು ಹೋಗುತ್ತೇವೆ, ಮಂಗಳಾರತಿ ತೆಗೆದುಕೊಳ್ಳುತ್ತೇವೆ, ಬರುತ್ತೇವೆ. ಎರಡು ಗುಡಿಗಳ ನಡುವೆ ಇರುವ ಕಲ್ಯಾಣಮಂಟಪದ ಕಂಬಗಳಲ್ಲಿ ಬಳ್ಳಿ ಹೇಗೆ ಹಬ್ಬಿದೆ, ಹಕ್ಕಿ ಎಲ್ಲಿ ಕೂತಿದೆ ಎಂದು ಒಂದು ಗಳಿಗೆ ನಿಂತು ನೋಡಿದವರೆಷ್ಟು ಮಂದಿ?

ಮಿತವ್ಯಯದ ಪಾಠವನ್ನು ನಮಗೆ ಹೇಳಬೇಡಿ. ಅದಕ್ಕೇ ಹೆಸರಾದ ಊರಿನವರು ನಾವು. ವಿಶ್ವೇಶ್ವರಯ್ಯನವರ ಮನೆ ಈಗ ಸ್ಮಾರಕ. 1955ರಲ್ಲಿ ಭಾರತರತ್ನ ಪಡೆದು 1962ರಲ್ಲಿ ತೀರಿಕೊಂಡ ಅವರ ಸಮಾಧಿ ಇಲ್ಲೇ ಇದೆ. ಶಾಲೆಯ ಮಕ್ಕಳಿಗೆಲ್ಲ ಹೇಳುವ ಕಥೆ ನಿಮಗೂ ಗೊತ್ತು: ಸರ್ಕಾರದ ಕೆಲಸಕ್ಕೆ ಸರ್ಕಾರದ ಮೇಣದಬತ್ತಿ, ಅದು ಮುಗಿದ ಮೇಲೆ ಅದನ್ನು ಆರಿಸಿ ಸ್ವಂತದ್ದು. ಎಲ್ಲರೂ ಮೊದಲನೆಯ ಬತ್ತಿಯನ್ನೇ ಹೊಗಳುತ್ತಾರೆ. ಎರಡನೆಯ ಬತ್ತಿಯನ್ನು ಯಾರೂ ಗಮನಿಸುವುದಿಲ್ಲ. ಅವರ ಹತ್ತಿರ ಸ್ವಂತದ್ದೊಂದು ಇತ್ತು! ಅದರ ಬೆಳಕಿನಲ್ಲಿ ತಮಗೆ ಬೇಕಾದದ್ದನ್ನು ಓದಿಕೊಳ್ಳುವ ಹೊತ್ತೂ ಇತ್ತು. ನಮ್ಮ ಮನೆಗಳಲ್ಲಿ ಹೆಂಗಸಿನ ಹತ್ತಿರ ಇರುವುದು ಸಂಸಾರದ ಬತ್ತಿಯೊಂದೇ. ಅದು ಬೆಳಗಿನ ಹಾಲಿನಿಂದ ರಾತ್ರಿಯ ಹಾಸಿಗೆಯವರೆಗೆ ಉರಿಯುತ್ತದೆ. ತಿಂಗಳಿಗೊಂದು ದಿನ ಸ್ವಂತದ್ದೊಂದನ್ನು ಹಚ್ಚಿಕೊಂಡರೆ ಅದು ದುಂದುಗಾರಿಕೆ ಹೇಗಾಗುತ್ತದೆ?

ಇದು ಬರೀ ನಮ್ಮ ಮನರಂಜನೆಯ ಮಾತಲ್ಲ. ವೆಂಕಟಪ್ಪ ಚಿತ್ರಶಾಲೆಯನ್ನು ಖಾಸಗಿ ಪ್ರತಿಷ್ಠಾನವೊಂದರ ಜೊತೆ ಸೇರಿ ನಡೆಸುವ ಒಪ್ಪಂದವನ್ನು ಸರ್ಕಾರ ಮಾಡಿಕೊಂಡಾಗ, 2016ರಲ್ಲಿ ಕಲಾವಿದರು ಬೀದಿಗಿಳಿದು ಪ್ರತಿಭಟಿಸಿದರು. ಅವರು ಕೂಗಿದ್ದು ಸರಿಯೇ. ಆದರೆ ನೋಡುವವರು, ಅಂದರೆ ನಾವು, ಎಲ್ಲಿದ್ದೆವು? ಸಂದರ್ಶಕರ ಪುಸ್ತಕದಲ್ಲಿ ನಮ್ಮ ಹೆಸರೇ ಇಲ್ಲದಿದ್ದರೆ, ‘ಯಾರೂ ಬರುವುದಿಲ್ಲ, ಬೇರೆಯವರಿಗೆ ಕೊಟ್ಟುಬಿಡೋಣ’ ಎನ್ನುವವರಿಗೆ ಉತ್ತರ ಕೊಡುವವರು ಯಾರು? ಅಗ್ಗದ ಟಿಕೆಟು ಅಗ್ಗವಾಗಿಯೇ ಉಳಿಯಬೇಕಾದರೆ ಅದನ್ನು ಕೊಳ್ಳುವ ಜನ ಬಾಗಿಲಲ್ಲಿ ಕಾಣಬೇಕು. ಕಂಡಾಗಲೇ ಕೇಳುವ ಹಕ್ಕೂ ಹುಟ್ಟುತ್ತದೆ. ಒಂದು ಕಡೆ ನಾವು ನಾಲ್ಕು ಜನ ಹೋದಾಗ ಕೂರಲು ಬೆಂಚಿರಲಿಲ್ಲ, ಶೌಚಾಲಯಕ್ಕೆ ಬೀಗ ಹಾಕಿತ್ತು, ವಿವರಣೆಯೆಲ್ಲ ಇಂಗ್ಲಿಷಿನಲ್ಲಿತ್ತು. ಕಾವಲಿನವನು ‘ಬೇಗ ಬೇಗ ನೋಡ್ಕೊಂಡು ಹೊರಡ್ರಮ್ಮಾ’ ಎಂದು ಬೆನ್ನ ಹಿಂದೆಯೇ ಬಂದ. ಬೆಂಚು, ಕಕ್ಕಸು, ಕನ್ನಡ, ಮರ್ಯಾದೆ ಈ ನಾಲ್ಕಕ್ಕೆ ಕೋಟಿಗಟ್ಟಲೆ ಅನುದಾನ ಬೇಕಿಲ್ಲ. ಹೊರಗೆ ಬಂದು ದೂರುಪುಸ್ತಕ ಕೇಳಿ ಈ ನಾಲ್ಕನ್ನೂ ಕನ್ನಡದಲ್ಲೇ ಬರೆದು ಬಂದೆವು. ನೀವೂ ಬರೆಯಿರಿ.

ಹೊರಡುವವರಿಗೆ ನಾಲ್ಕು ಮಾತು. ಸೋಮವಾರ ಬೇಡ, ಹೆಚ್ಚಿನ ಕಡೆ ರಜೆ. ಇವೆಲ್ಲ ಹಳೆಯ ಕಟ್ಟಡಗಳು, ದುರಸ್ತಿಗೆಂದು ಬಾಗಿಲು ಹಾಕುವುದುಂಟು; ಮೊದಲೇ ಫೋನಿನಲ್ಲಿ ವಿಚಾರಿಸಿಕೊಳ್ಳಿ. ಬಸ್ಸಿಗೆ ಆಧಾರ್ ಕಾರ್ಡು ಮರೆಯಬೇಡಿ. ಒಂದೇ ದಿನ ಎಲ್ಲವನ್ನೂ ನೋಡುವ ದುರಾಸೆ ಬೇಡ. ಒಂದು ಜಾಗ, ಅದರಲ್ಲಿ ಮೂರೋ ನಾಲ್ಕೋ ಚಿತ್ರ, ಒಂದೊಂದರ ಮುಂದೆ ಕಾಲು ನೋಯುವಷ್ಟು ಹೊತ್ತು. ಆಮೇಲೆ ಕಬ್ಬನ್ ಪಾರ್ಕಿನ ಮರದಡಿ ಡಬ್ಬಿ ಬಿಚ್ಚಿ. ಯಾರಿಗೆ ಯಾವುದು ಹಿಡಿಸಿತು ಎಂದು ಮಾತಾಡಿಕೊಳ್ಳಿ. ‘ನನಗೇನೂ ಹಿಡಿಸಲಿಲ್ಲ’ ಎನ್ನುವ ಹಕ್ಕೂ ನಿಮಗಿದೆ; ಅದೂ ಒಂದು ಅಭಿಪ್ರಾಯವೇ. ಕತ್ತಲಾಗುವ ಮುನ್ನ ಮನೆ ಸೇರಬಹುದು.

ಆ ದಿನ ಮನೆಯಲ್ಲಿ ಮಧ್ಯಾಹ್ನದ ಸಾರಿಗೆ ಉಪ್ಪು ಹೆಚ್ಚಾಗಬಹುದು, ಪಾತ್ರೆ ತೊಟ್ಟಿಯಲ್ಲೇ ಉಳಿಯಬಹುದು. ಉಳಿಯಲಿ. ‘ಎಲ್ಲಿಗೆ ಹೋಗಿದ್ದೆ?’ ಎಂದು ಕೇಳಿದರೆ ಆಸ್ಪತ್ರೆಯ ಹೆಸರನ್ನೋ ದೇವರ ಹೆಸರನ್ನೋ ಅಡ್ಡ ತರಬೇಡಿ. ‘ಚಿತ್ರ ನೋಡೋಕೆ’ ಎಂದು ನೆಟ್ಟಗೆ ಹೇಳಿ.